ಸರಾತೋವ್: ಗೋಧಿಪೇಟೆಗೆ ಸಂಗೀತದ ಕಾಲೇಜು ದಕ್ಕಿದ್ದು ಹೇಗೆ?

ಹಿನ್ನೀರು ಡಾಕ್ಟರ್

ತೊಂಬತ್ತರ ದಶಕದಲ್ಲಿ ನಾನು ವೈದ್ಯಕೀಯ ಓದಿದ್ದು ರಷ್ಯಾದ ಸರಾತೋವ್‌ನಲ್ಲಿ. ಮಾಸ್ಕೋದಿಂದ ಆಗ್ನೇಯಕ್ಕೆ ಸುಮಾರು 850 ಕಿಲೋಮೀಟರ್, ವೋಲ್ಗಾ ನದಿಯ ಬಲದಂಡೆಯ ಊರು. ಪೇಟೆಗೆ ಹೋಗುವ ದಾರಿಯಲ್ಲಿ ಮೊನಚು ಗೋಪುರಗಳ ಒಂದು ಕಟ್ಟಡ. ಮೊದಲ ವರ್ಷ ಅದನ್ನು ಚರ್ಚು ಎಂದೇ ತಿಳಿದಿದ್ದೆ. ಜೂನ್ ಬಂದು ಅವರ ಪರೀಕ್ಷೆ ಹತ್ತಿರವಾದಾಗ ಕಿಟಕಿಗಳೆಲ್ಲ ತೆರೆದವು. ಒಂದರಿಂದ ಚೆಲ್ಲೋ, ಪಕ್ಕದ್ದರಿಂದ ಪಿಯಾನೋ, ಮೇಲಿನದರಿಂದ ಯಾರೋ ಹೆಣ್ಣುಮಗಳು ಒಂದೇ ತಾರಸ್ವರವನ್ನು ನಲವತ್ತು ಸಲ. ಅಂಗರಚನಾಶಾಸ್ತ್ರದ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಬೆಂಚಿನಲ್ಲಿ ಕುಳಿತು ಆ ಗದ್ದಲವನ್ನು ಕೇಳುತ್ತಿದ್ದೆ. ಓದು ಎಷ್ಟು ತಲೆಗೆ ಹತ್ತಿತೋ ಆ ದೇವರಿಗೇ ಗೊತ್ತು.

ಆ ಕಟ್ಟಡವೇ ಸರಾತೋವ್ ಕನ್ಸರ್ವೇಟರಿ, ಎಂದರೆ ಸಂಗೀತದ ಕಾಲೇಜು. ಹಳೆಯ ರಷ್ಯನ್ ಪಂಚಾಂಗದಂತೆ 1912ರ ಅಕ್ಟೋಬರ್ 21ರಂದು ಆರಂಭವಾಯಿತು. ಪೀಟರ್ಸ್‌ಬರ್ಗಿನದು 1862ರದ್ದು, ಮಾಸ್ಕೋದ್ದು 1866ರದ್ದು. ಮೂರನೆಯದು ಇದು. ಕೀವ್ ಮತ್ತು ಒಡೆಸ್ಸಾದಂಥ ದೊಡ್ಡ ನಗರಗಳಿಗೆ ಕನ್ಸರ್ವೇಟರಿ ಸಿಕ್ಕಿದ್ದು 1913ರಲ್ಲಿ. ಗೋಧಿ, ಹಿಟ್ಟು, ಮೀನು ಮಾರಿಕೊಂಡಿದ್ದ ಊರೊಂದು ಸಾಲು ಮುರಿದು ಮುಂದೆ ಹೋದದ್ದು ಹೇಗೆ ಎಂಬ ಪ್ರಶ್ನೆ ಮೂವತ್ತು ವರ್ಷಗಳಿಂದ ನನ್ನ ತಲೆಯಲ್ಲಿದೆ. ಬಲ್ಲವರು ಹೇಳಬೇಕು.

ಹಳೆ ತಂಬೂರಿ

ಡಾಕ್ಟರೇ, ನಾನು ನಿವೃತ್ತ ಇತಿಹಾಸದ ಮೇಷ್ಟ್ರು. ಸರಾತೋವ್ ನೋಡಿಲ್ಲ, ಓದಿದ್ದೇನೆ ಅಷ್ಟೆ. ನಿಮ್ಮ ಪ್ರಶ್ನೆಗೆ ಉತ್ತರ ಸರಾತೋವ್‌ನಿಂದ ಆರಂಭವಾಗುವುದಿಲ್ಲ, ಪೀಟರ್ಸ್‌ಬರ್ಗಿನ ಒಂದು ಚರ್ಚಿನಿಂದ ಆರಂಭವಾಗುತ್ತದೆ.

ಆಂಟನ್ ರೂಬಿನ್‌ಸ್ಟೀನ್ ಎಂಬ ಪಿಯಾನೋ ವಾದಕ ಆಗಲೇ ಯುರೋಪಿನಲ್ಲೆಲ್ಲ ಹೆಸರು ಮಾಡಿದ್ದ. ಒಮ್ಮೆ ಚರ್ಚಿನಲ್ಲಿ ಪಾಪನಿವೇದನೆ ಮುಗಿಸಿ ಹೆಸರು ಬರೆಸಲು ಹೋದಾಗ ಅಲ್ಲಿದ್ದವನು ವೃತ್ತಿ ಏನು ಎಂದು ಕೇಳಿದ. ಕಲಾವಿದ ಎಂದ. ಹಾಗಾದರೆ ರಂಗಮಂದಿರದ ನೌಕರನೇ? ಅಲ್ಲ. ಯಾವುದಾದರೂ ಶಾಲೆಯಲ್ಲಿ ಉಪಾಧ್ಯಾಯನೇ? ಅಲ್ಲ. ಸರ್ಕಾರಿ ಸೇವೆಯೇ? ಅದೂ ಅಲ್ಲ. ಬರೆಯುವವನಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ತಂದೆ ಏನಾಗಿದ್ದರು ಎಂದು ಕೇಳಿದ. ಎರಡನೆಯ ದರ್ಜೆಯ ವರ್ತಕ ಎಂದಾಗ ಸಮಾಧಾನವಾಗಿ 'ವರ್ತಕನ ಮಗ' ಎಂದು ಬರೆದುಕೊಂಡ. ಇದನ್ನು ರೂಬಿನ್‌ಸ್ಟೀನನೇ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ.

ಇದನ್ನು ನಗೆಹನಿ ಎಂದು ತಳ್ಳಿಹಾಕಬೇಡಿ. ಆ ಸಾಮ್ರಾಜ್ಯದಲ್ಲಿ ಪ್ರತಿಯೊಬ್ಬನಿಗೂ ಒಂದು ದರ್ಜೆ ಇರಬೇಕಿತ್ತು: ಕುಲೀನ, ಪಾದ್ರಿ, ವರ್ತಕ, ಪೇಟೆಯ ಸಾಮಾನ್ಯ, ರೈತ. ಚಿತ್ರಕಾರನಿಗೆ ಕಲಾ ಅಕಾಡೆಮಿಯಿಂದ ಒಂದು ಸ್ಥಾನ ಸಿಗುತ್ತಿತ್ತು. ಸಂಗೀತಗಾರನಿಗೆ ಏನೂ ಇರಲಿಲ್ಲ. ರೂಬಿನ್‌ಸ್ಟೀನ್ 1859ರಲ್ಲಿ ಮಹಾರಾಜಕುಮಾರಿ ಯೆಲೆನಾ ಪಾವ್ಲೊವ್ನಾ ಅವರ ಆಶ್ರಯದಲ್ಲಿ ರಷ್ಯನ್ ಸಂಗೀತ ಸಂಘ ಕಟ್ಟಿದ, ಮೂರು ವರ್ಷಗಳಲ್ಲಿ ಕನ್ಸರ್ವೇಟರಿ ತೆರೆದ. ಅಲ್ಲಿ ತೇರ್ಗಡೆಯಾದವರಿಗೆ ಸಿಗುತ್ತಿದ್ದುದು 'ಸ್ವತಂತ್ರ ಕಲಾವಿದ' ಎಂಬ ಬಿರುದು. ನಮ್ಮಲ್ಲಿ ಬಿರುದು ಎಂದರೆ ಶಾಲು, ಹಾರ, ಹಣ್ಣಿನ ತಟ್ಟೆ. ಅಲ್ಲಿ ಅದು ಕಾನೂನಿನ ಸ್ಥಾನಮಾನ. ತಲೆಗಂದಾಯ ಇಲ್ಲ, ಸೈನ್ಯಕ್ಕೆ ಹಿಡಿದೊಯ್ಯುವ ಭಯವಿಲ್ಲ. ಗೊತ್ತುಪಡಿಸಿದ ಪಶ್ಚಿಮ ಪ್ರಾಂತಗಳಲ್ಲಿ ಮಾತ್ರ ವಾಸಿಸಬೇಕಿದ್ದ ಯಹೂದಿ ಹುಡುಗನಿಗಂತೂ ಆ ಗೆರೆ ದಾಟಿ ಬದುಕಲು ಪಿಟೀಲೇ ರಹದಾರಿ. ಇನ್ನು ಪ್ರಾಂತ್ಯದ ಊರುಗಳು ಕನ್ಸರ್ವೇಟರಿಗೆ ಏಕೆ ಹಪಹಪಿಸಿದವು ಎಂದು ಬೇರೆ ಹೇಳಬೇಕೇ?

ಮಂಡಿಪೇಟೆ

ಬಿರುದಿನ ಕಥೆ ಚೆನ್ನಾಗಿದೆ ಮೇಷ್ಟ್ರೇ. ದುಡ್ಡು ಕೊಟ್ಟವರು ಯಾರು? ಅದನ್ನು ಹೇಳದೆ ಕಟ್ಟಡ ಎದ್ದು ನಿಲ್ಲುವುದಿಲ್ಲ.

ಹಳೆ ತಂಬೂರಿ

ನಿಮ್ಮಿಂದ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಸರಾತೋವ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಷ್ಯಾದ ಹಿಟ್ಟಿನ ಗಿರಣಿಗಳ ದೊಡ್ಡ ಕೇಂದ್ರ. ಶ್ಮಿಟ್, ಬೊರೆಲ್, ರೈನೆಕೆ ಎಂಬ ಮನೆತನಗಳ ಗಿರಣಿಗಳು ನದಿದಂಡೆಯಲ್ಲಿ ಕೋಟೆಗಳಂತೆ ನಿಂತಿದ್ದವು. ಮೂವರೂ ವೋಲ್ಗಾ ಜರ್ಮನ್ನರು. ಕ್ಯಾಥರೀನ್ ರಾಣಿಯ ಕಾಲದಲ್ಲಿ ಬಂದು ನೆಲೆಸಿದ ವಲಸಿಗರ ಸಂತತಿ. ಡಾಕ್ಟರು ಹೇಳಿದ ಕಟ್ಟಡ ಇರುವ ಬೀದಿಯ ಹಳೆಯ ಹೆಸರೇ 'ನೆಮೆತ್ಸ್ಕಾಯಾ', ಎಂದರೆ ಜರ್ಮನ್ ಬೀದಿ. ಪಿಯಾನೋ ಇಲ್ಲದ ಮನೆ ಮನೆಯೇ ಅಲ್ಲ ಎನ್ನುವ ಜನ ಅಂಥ ಬೀದಿಯಲ್ಲಿ ಇದ್ದರೆಂದು ಊಹಿಸಲು ಕಷ್ಟವಿಲ್ಲ.

ಊರಿಗೆ ತಾನು ಬರೀ ಹಿಟ್ಟಿನ ಊರಾಗಿ ಉಳಿಯಬಾರದೆಂಬ ಹಟವೂ ಇತ್ತು. 1876ರಲ್ಲಿ ನಿಕಿಟಿನ್ ಸಹೋದರರ ಸರ್ಕಸ್ಸು, 1885ರಲ್ಲಿ ಎಲ್ಲರಿಗೂ ಬಾಗಿಲು ತೆರೆದ ರಾಡಿಶ್ಚೆವ್ ಕಲಾ ಸಂಗ್ರಹಾಲಯ, 1909ರಲ್ಲಿ ವಿಶ್ವವಿದ್ಯಾಲಯ. ಕನ್ಸರ್ವೇಟರಿ ಈ ಸಾಲಿನ ಮುಂದಿನ ಹೆಸರು. ಸರ್ಕಸ್ಸು ಮೊದಲು ಬಂದು ಸಂಗೀತ ಕೊನೆಗೆ ಬಂದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಹಿನ್ನೀರು ಡಾಕ್ಟರ್

ಆದರೆ ಇದರಿಂದ ಕೀವ್ ಹಿಂದೆ ಬಿದ್ದದ್ದಕ್ಕೆ ಉತ್ತರ ಸಿಗಲಿಲ್ಲ. ಸಂಗೀತ ಸಂಘದ ಕೀವ್ ಶಾಖೆ 1863ರದ್ದು, ಸರಾತೋವ್ ಶಾಖೆ 1873ರದ್ದು. ಹತ್ತು ವರ್ಷ ಕಿರಿಯ ಮೊದಲು ಗುರಿ ಮುಟ್ಟಿತು.

ನನ್ನ ಉತ್ತರ ಒಬ್ಬ ಮನುಷ್ಯ: ಸ್ತಾನಿಸ್ಲಾವ್ ಎಕ್ಸ್‌ನರ್. ಪಿಯಾನೋ ವಾದಕ. 1883ರಲ್ಲಿ ಸರಾತೋವ್‌ಗೆ ಬಂದಾಗ ಅಲ್ಲಿದ್ದುದು ಸಂಘ ನಡೆಸುತ್ತಿದ್ದ 'ಸಂಗೀತ ತರಗತಿಗಳು', ನಮ್ಮ ಸಂಜೆ ಪಾಠದ ಹಾಗೆ. ಹನ್ನೆರಡು ವರ್ಷ ಮಣ್ಣು ಹೊತ್ತು 1895ರಲ್ಲಿ ಅದನ್ನು 'ಉಚಿಲಿಶ್ಚೆ' ಮಾಡಿದ. ಇದು ಶಾಲೆಗಿಂತ ಮೇಲೆ, ಕನ್ಸರ್ವೇಟರಿಗಿಂತ ಕೆಳಗೆ ಇರುವ ವೃತ್ತಿಶಿಕ್ಷಣದ ಹಂತ. 1902ರಲ್ಲಿ ಅದಕ್ಕೆ ಸ್ವಂತ ಕಟ್ಟಡ, ಶಿಲ್ಪಿ ಯಾಗ್ನ್ ಅವರ ವಿನ್ಯಾಸ. ಕನ್ಸರ್ವೇಟರಿ ಆಗುವಾಗ ಕಲ್ಲಿಸ್ತ್ರಾತೊವ್ ಎಂಬ ಶಿಲ್ಪಿ ಅದೇ ಕಟ್ಟಡಕ್ಕೆ ಗಾಥಿಕ್ ಶೈಲಿಯ ವೇಷ ತೊಡಿಸಿದ. ಆ ಗೋಪುರ, ವಿಕಟಪ್ರಾಣಿಗಳೆಲ್ಲ ಆಗ ಬಂದವು. ಮೊದಲ ನಿರ್ದೇಶಕ ಎಕ್ಸ್‌ನರನೇ. ಬಂದಾಗಿನಿಂದ ಕನ್ಸರ್ವೇಟರಿ ಆಗುವವರೆಗೆ ಇಪ್ಪತ್ತೊಂಬತ್ತು ವರ್ಷ! ಬೇರೆ ಊರುಗಳಲ್ಲಿ ನಿರ್ದೇಶಕರು ಬಂದರು, ಹೋದರು. ಈತ ಗೂಟ ಹೊಡೆದು ಕುಳಿತ ಎಂಬುದು ನನ್ನ ವಾದ.

ಲೆಕ್ಕಪತ್ರ

ಒಂದು ತಿದ್ದುಪಡಿ. 'ಸಾಮ್ರಾಜ್ಯದ ಮೂರನೆಯ ಕನ್ಸರ್ವೇಟರಿ' ಎಂದು ಬರೆಯುವಾಗ ಎಚ್ಚರ ಬೇಕು. ವಾರ್ಸಾ ಆಗ ರಷ್ಯನ್ ಸಾಮ್ರಾಜ್ಯದೊಳಗೇ ಇತ್ತು, ಅಲ್ಲಿಯ ಸಂಗೀತ ಸಂಸ್ಥೆ 1861ರದ್ದು, ಪೀಟರ್ಸ್‌ಬರ್ಗಿಗಿಂತ ಒಂದು ವರ್ಷ ಹಳೆಯದು. ಹೆಲ್ಸಿಂಕಿಯಲ್ಲೂ 1882ರಿಂದ ಒಂದು ಸಂಗೀತ ಸಂಸ್ಥೆ ಇತ್ತು. ಅವುಗಳ ಹೆಸರಿನಲ್ಲಿ 'ಕನ್ಸರ್ವೇಟರಿ' ಎಂಬ ಪದ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಲೆಕ್ಕದಿಂದ ಬಿಟ್ಟರೆ ಹೇಗೆ? ಸಂಗೀತ ಸಂಘದ ಕನ್ಸರ್ವೇಟರಿಗಳಲ್ಲಿ ಮೂರನೆಯದು, ಎರಡು ರಾಜಧಾನಿಗಳ ಆಚೆ ರಷ್ಯಾದಲ್ಲಿ ಮೊದಲನೆಯದು ಎಂದರೆ ಯಾರೂ ತಕರಾರು ಮಾಡುವುದಿಲ್ಲ.

ಹಿನ್ನೀರು ಡಾಕ್ಟರ್

ಒಪ್ಪಿದೆ. ಸರಾತೋವ್‌ನವರು ಈ ತಿದ್ದುಪಡಿಯನ್ನು ಒಪ್ಪುತ್ತಾರೆಂದು ಖಾತರಿ ಕೊಡಲಾರೆ.

ವೀಣೆ ಟೀಚರ್

ಎಲ್ಲರೂ ಕಟ್ಟಡ, ಬಿರುದು, ಇಸವಿಗಳಲ್ಲೇ ಮುಳುಗಿದ್ದೀರಿ. ನಾನು ಮೂವತ್ತೈದು ವರ್ಷಗಳಿಂದ ವೀಣೆ ಕಲಿಸುತ್ತಿದ್ದೇನೆ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಎಷ್ಟೋ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ್ದೇನೆ. ಪರೀಕ್ಷೆ ಪಾಸಾದವರೆಲ್ಲ ಸಂಗೀತಗಾರರಾಗಲಿಲ್ಲ, ಸಂಗೀತಗಾರರಾದ ಇಬ್ಬರು ವಿದ್ವತ್ ಪರೀಕ್ಷೆಗೆ ಕೂರಲೇ ಇಲ್ಲ. ಕನ್ಸರ್ವೇಟರಿ ಬಂದು ಆ ಊರಿನ ಸಂಗೀತಕ್ಕೆ ಏನಾಯಿತು? ಅಲ್ಲಿಯ ಜನರ ಹಾಡು ಏನಾಯಿತು?

ಹಳೆ ತಂಬೂರಿ

ಮೇಡಂ, ನಿಮ್ಮ ಪ್ರಶ್ನೆ ಅಲ್ಲಿಯೂ ಹಳೆಯದೇ. ಮೊದಲ ಕನ್ಸರ್ವೇಟರಿ ತೆರೆಯುವ ಮುನ್ನವೇ ಸ್ತಾಸೊವ್ ಎಂಬ ವಿಮರ್ಶಕ ಇಂಥ ಸಂಸ್ಥೆಗಳು ಸಾಧಾರಣ ಮಂದಿಯನ್ನು ಹೆರುತ್ತವೆ ಎಂದು ಜಗಳ ತೆಗೆದಿದ್ದ. ಅವನ ಗೆಳೆಯ, ಸಂಗೀತಕಾರ ಬಾಲಾಕಿರೆವ್ 1862ರಲ್ಲೇ ಪೈಪೋಟಿಗೆ ಉಚಿತ ಸಂಗೀತ ಶಾಲೆ ತೆರೆದ. ಅದೇ ಗುಂಪಿನ ಸಂಗೀತಕಾರ ರಿಮ್‌ಸ್ಕಿ-ಕೋರ್ಸಕೊವ್ ನೌಕಾಪಡೆಯ ಅಧಿಕಾರಿ. 1871ರಲ್ಲಿ ಕನ್ಸರ್ವೇಟರಿಯವರು ಕರೆದು ಪ್ರಾಧ್ಯಾಪಕನನ್ನಾಗಿ ಮಾಡಿದಾಗ ಶಾಸ್ತ್ರ ಗೊತ್ತಿಲ್ಲದೆ, ವಿದ್ಯಾರ್ಥಿಗಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು ತರಗತಿಗೆ ಹೋಗುತ್ತಿದ್ದ. ಇದನ್ನೂ ಅವನೇ ಒಪ್ಪಿಕೊಂಡಿದ್ದಾನೆ. ಅಂಥವನೇ ಕೊನೆಗೆ ಆ ಸಂಸ್ಥೆಯ ದೊಡ್ಡ ಮೇಷ್ಟ್ರಾದ.

ಹಿನ್ನೀರು ಡಾಕ್ಟರ್

ಟೀಚರ್, ಸರಾತೋವ್‌ನದೇ ಒಂದು ಕಥೆ ನಿಮ್ಮ ಕಡೆಗೆ ಸಾಕ್ಷಿ ಹೇಳುತ್ತದೆ. ಕನ್ಸರ್ವೇಟರಿಯ ಹಾಡುಗಾರಿಕೆಯ ಗುರು ಮಿಖಾಯಿಲ್ ಮೆದ್ವೆದೆವ್. 1879ರಲ್ಲಿ ಚೈಕೊವ್‌ಸ್ಕಿಯ 'ಯೆವ್ಗೆನಿ ಒನೆಗಿನ್' ಒಪೆರಾ ಮಾಸ್ಕೋದಲ್ಲಿ ಮೊದಲ ಬಾರಿ ರಂಗಕ್ಕೆ ಬಂದಾಗ ಹಾಡಿದವರು ವಿದ್ಯಾರ್ಥಿಗಳು, ಅದರಲ್ಲಿ ಲೆನ್‌ಸ್ಕಿಯ ಪಾತ್ರ ಈತನದು. ಕೊನೆಯ ವರ್ಷಗಳನ್ನು ಸರಾತೋವ್‌ನಲ್ಲಿ ಕಲಿಸುತ್ತ ಕಳೆದ.

ಈತನ ಬಳಿ ಸ್ವಲ್ಪ ಕಾಲ ಕಲಿತವಳು ಸರಾತೋವ್ ಪ್ರಾಂತದ ಹಳ್ಳಿಯ ಅನಾಥ ಹುಡುಗಿ ಲಿದಿಯಾ ರುಸ್ಲಾನೊವಾ. ಚರ್ಚಿನ ವೃಂದದಲ್ಲಿ ಹಾಡಿಕೊಂಡು ಬೆಳೆದ ಗಂಟಲು. ಶಾಸ್ತ್ರೀಯ ಗಾಯಕಿಯಾಗುವುದು ತನ್ನಿಂದ ಆಗದು ಎಂದು ಬಿಟ್ಟುಬಂದಳು, ಹಳ್ಳಿಯ ಹಾಡನ್ನೇ ಹಿಡಿದಳು. ಅವಳ ಹೆಸರು ಕೇಳದ ರಷ್ಯನ್ ಅಜ್ಜಿಯನ್ನು ನಾನು ಕಂಡಿಲ್ಲ. 1945ರ ಮೇ ತಿಂಗಳಲ್ಲಿ ಬರ್ಲಿನ್ನಿನ ರೈಖ್‌ಸ್ಟಾಗ್ ಎಂಬ ಸಂಸತ್ ಕಟ್ಟಡದ ಮೆಟ್ಟಿಲುಗಳ ಬಳಿ ಸೈನಿಕರಿಗಾಗಿ ಹಾಡಿದವಳು ಆಕೆ. ಮೂರು ವರ್ಷದಲ್ಲಿ ಅದೇ ಸರ್ಕಾರ ಅವಳನ್ನು ಬಂಧಿಸಿ ಕೈದಿಗಳ ಶಿಬಿರಕ್ಕೆ ಕಳಿಸಿತು. ಅದು ಬೇರೆಯೇ ಕಥೆ.

ವೀಣೆ ಟೀಚರ್

ಹುಡುಗಿ ಜಾಣೆ. ಗುರುವೂ ಒಳ್ಳೆಯವನಿರಬೇಕು. ಇಲ್ಲದಿದ್ದರೆ ಆ ಗಂಟಲನ್ನು ಕೆಡಿಸಿಯೇ ಕಳಿಸುತ್ತಿದ್ದ.

ಮಂಡಿಪೇಟೆ

ಕಲಿಸಲು ಬಂದವರೆಲ್ಲ ಅಂಥ ಹೆಸರುವಾಸಿಗಳೇ? ಅಷ್ಟು ದೂರದ ಊರಿಗೆ ಅವರು ಏಕೆ ಬಂದರು? ಸಂಬಳ ಜಾಸ್ತಿ ಇತ್ತೇ?

ಹಳೆ ತಂಬೂರಿ

ಕೆಲವರು ಬಂದದ್ದು ಬೇರೆಡೆ ಜಾಗ ತಪ್ಪಿದ್ದರಿಂದ. ಗಿಯೋರ್ಗಿ ಕೊನ್ಯೂಸ್ ಎಂಬ ಸಂಗೀತಶಾಸ್ತ್ರಜ್ಞನನ್ನು ತೆಗೆದುಕೊಳ್ಳಿ. ಮುಂದೆ ಹೆಸರಾಂತ ಸಂಗೀತಕಾರನಾದ ಸ್ಕ್ರಿಯಾಬಿನ್‌ಗೆ ಹುಡುಗನಾಗಿದ್ದಾಗ ಪಿಯಾನೋ ಪಾಠ ಹೇಳಿದವನು. ಮಾಸ್ಕೋ ಕನ್ಸರ್ವೇಟರಿಯ ನಿರ್ದೇಶಕನೊಂದಿಗೆ ಜಗಳವಾಗಿ 1899ರಲ್ಲಿ ಅಲ್ಲಿಂದ ಹೊರಬಿದ್ದ. 1912ರಲ್ಲಿ ಸರಾತೋವ್ ಅವನನ್ನು ಕರೆದುಕೊಂಡಿತು, ಮುಂದೆ ನಿರ್ದೇಶಕನನ್ನಾಗಿಯೂ ಮಾಡಿತು. ಸ್ವಾರಸ್ಯವೆಂದರೆ, ಅದಕ್ಕೆ ಎರಡೇ ವರ್ಷ ಮೊದಲು ವಾದ್ಯವೃಂದದ ನಿರ್ದೇಶಕ ಕುಸೆವಿತ್‌ಸ್ಕಿ ತನ್ನ ವೃಂದವನ್ನು ಹಡಗಿನಲ್ಲಿ ಹೇರಿಕೊಂಡು ವೋಲ್ಗಾದ ಊರೂರಿಗೆ ಕಚೇರಿ ಕೊಡುತ್ತ ಬಂದಾಗ ಪಿಯಾನೋ ಮುಂದೆ ಕುಳಿತಿದ್ದವನು ಸ್ಕ್ರಿಯಾಬಿನ್. ಶಿಷ್ಯ ಹಾದುಹೋದ ದಾರಿಯಲ್ಲಿ ಗುರು ಬಂದು ಕೆಲಸಕ್ಕೆ ಸೇರಿದ.

ಚೆಲ್ಲೋ ಕಲಿಸುತ್ತಿದ್ದವನು ಸೆಮ್ಯೋನ್ ಕೊಝೊಲುಪೊವ್. ಮುಂದೆ ಮಾಸ್ಕೋಗೆ ಹೋಗಿ ಜಗತ್ಪ್ರಸಿದ್ಧ ಚೆಲ್ಲೋ ವಾದಕ ರೊಸ್ತ್ರೊಪೊವಿಚ್‌ಗೆ ಕಲಿಸಿದ. ಪ್ರಾಂತ್ಯದ ಊರಿನ ಹಣೆಬರಹವೇ ಇಷ್ಟು: ತಾನು ಬೆಳೆಸಿಕೊಂಡದ್ದನ್ನು ರಾಜಧಾನಿ ಕೊಯ್ದುಕೊಂಡು ಹೋಗುತ್ತದೆ.

ಕಜಾನ್ ಕನ್ನಡತಿ

ನಮಸ್ಕಾರ. ಯಜಮಾನರ ಕೆಲಸದ ಸಲುವಾಗಿ ಆರು ವರ್ಷಗಳಿಂದ ಕಜಾನ್‌ನಲ್ಲಿದ್ದೇವೆ, ಅದೇ ವೋಲ್ಗಾ, ಇನ್ನಷ್ಟು ಮೇಲೆ. ಇಲ್ಲಿ ಸಂಗೀತ ಸಂಘದ ಶಾಖೆ ಸರಾತೋವ್‌ಗಿಂತ ಮೊದಲೇ ಇತ್ತಂತೆ, ಕನ್ಸರ್ವೇಟರಿ ಬಂದದ್ದು ಮಾತ್ರ 1945ರಲ್ಲಿ. ತಾತಾರ್ ಸಂಗೀತಕಾರ ನಜೀಬ್ ಝಿಗಾನೊವ್ ಅದನ್ನು ಕಟ್ಟಿ 1988ರಲ್ಲಿ ತಾನು ಸಾಯುವವರೆಗೂ ನಡೆಸಿದರು. ಡಾಕ್ಟರು ಹೇಳಿದ ಗೂಟ ಹೊಡೆಯುವ ವಾದಕ್ಕೆ ಇನ್ನೊಂದು ಉದಾಹರಣೆ. ನಿಜ್ನಿ ನೊವ್ಗೊರೊಡ್‌ನಲ್ಲಿ 1873ರಲ್ಲೇ ತರಗತಿಗಳು ಶುರುವಾದವು, ಕನ್ಸರ್ವೇಟರಿ 1946ರಲ್ಲಿ.

ನಾನು ಬರೆಯಲು ಬಂದದ್ದು ಬೇರೆ ವಿಷಯಕ್ಕೆ. ನನ್ನ ಒಂಬತ್ತು ವರ್ಷದ ಮಗಳು ಇಲ್ಲಿಯ ಮಕ್ಕಳ ಸಂಗೀತ ಶಾಲೆಗೆ ಹೋಗುತ್ತಾಳೆ. ಮಾಮೂಲಿ ಶಾಲೆ ಮುಗಿಸಿ ಮಧ್ಯಾಹ್ನದ ಮೇಲೆ. ಸೋವಿಯತ್ ಕಾಲದಲ್ಲಿ ಗಟ್ಟಿಯಾದ ಮೂರು ಮೆಟ್ಟಿಲು ಇಂದಿಗೂ ಹಾಗೆಯೇ ಇದೆ: ಮಕ್ಕಳ ಶಾಲೆ ಏಳೆಂಟು ವರ್ಷ, ಆಮೇಲೆ ಉಚಿಲಿಶ್ಚೆ ನಾಲ್ಕು ವರ್ಷ, ಆಮೇಲೆ ಕನ್ಸರ್ವೇಟರಿ ಐದು ವರ್ಷ. ಇವಳು ಕಲಿಯುವುದು ಪಿಟೀಲು. ಆದರೆ ಪಿಟೀಲಷ್ಟೇ ಕಲಿತರೆ ಒಪ್ಪುವುದಿಲ್ಲ. ವೃಂದಗಾಯನ ಕಡ್ಡಾಯ, ಪಿಯಾನೋ ಕಡ್ಡಾಯ, ಎಲ್ಲಕ್ಕಿಂತ ಮುಖ್ಯವಾಗಿ ಸೊಲ್ಫೆಜಿಯೋ. ಟೀಚರು ಒಂದು ಚಿಕ್ಕ ಧಾಟಿಯನ್ನು ಪಿಯಾನೋದಲ್ಲಿ ನಾಲ್ಕಾರು ಬಾರಿ ನುಡಿಸುತ್ತಾರೆ, ಮಕ್ಕಳು ಕೇಳಿಸಿಕೊಂಡು ಅದನ್ನು ಸ್ವರಲಿಪಿಯಲ್ಲಿ ಬರೆಯಬೇಕು. ಉಕ್ತಲೇಖನದ ಹಾಗೆ. ಮೊದಲ ಆರು ತಿಂಗಳು ಪ್ರತಿ ಗುರುವಾರ ಮನೆಯಲ್ಲಿ ಅಳು. ಈಗ ಬಸ್ಸಿನ ಬಾಗಿಲು ಮುಚ್ಚುವ ಸದ್ದು ಯಾವ ಸ್ವರ ಎಂದು ನಮಗೆ ಪಾಠ ಹೇಳುತ್ತಾಳೆ.

ವೀಣೆ ಟೀಚರ್

ತಾಯಿ, ಇದನ್ನು ಮೊದಲೇ ಹೇಳಬಾರದಿತ್ತೇ! ನಾವು ಸರಳೆ, ಜಂಟಿ, ಅಲಂಕಾರ ಎಂದು ಬೆರಳಿಗೂ ಗಂಟಲಿಗೂ ಕಲಿಸುತ್ತೇವೆ. ಸ್ವರಜ್ಞಾನ ತಾನಾಗಿ ಬರಲಿ ಎಂದು ಬಿಡುತ್ತೇವೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಿವಿಗೇ ಬೇರೆ ಒಂದು ಪಿರಿಯಡ್ ಇಟ್ಟಿದ್ದಾರೆ ಎಂದರೆ ಬುದ್ಧಿವಂತರೇ ಸರಿ. ಆದರೂ ಗಮಕವನ್ನು ಹಾಗೆ ಬರೆಸಲಿ ನೋಡೋಣ.

ಅರಮನೆ ಮೈದಾನ

ಮೈಸೂರಿಗೂ ರಷ್ಯನ್ ಸಂಗೀತಕ್ಕೂ ನಂಟಿದೆ ಎಂಬುದನ್ನು ಯಾರೂ ಹೇಳಲಿಲ್ಲವಲ್ಲ! ಜಯಚಾಮರಾಜೇಂದ್ರ ಒಡೆಯರ್ ಅವರು ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಡ್ಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ಹಣ ಕೊಟ್ಟರು. ಮೆಡ್ಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು.

ಲೆಕ್ಕಪತ್ರ

ನಿಜವೇ. ಆದರೆ ಮೆಡ್ಟ್ನರ್ ಓದಿದ್ದು ಮಾಸ್ಕೋದಲ್ಲಿ. ನಾವು ಮಾತನಾಡುತ್ತಿರುವುದು ಸರಾತೋವ್ ಬಗ್ಗೆ. ಒಡೆಯರಿಗೆ ಬೇರೆಯೇ ಒಂದು ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ.

ಇಲ್ಲಿ ಇನ್ನೂ ಹೇಳದೆ ಉಳಿದದ್ದು ಬಿದ್ದ ಕಥೆ. ಕ್ರಾಂತಿಯ ನಂತರ 1918ರಲ್ಲಿ ಸಂಸ್ಥೆ ಸರ್ಕಾರದ್ದಾಯಿತು. 1921ರಲ್ಲಿ ವೋಲ್ಗಾ ಪ್ರದೇಶಕ್ಕೆ ಭೀಕರ ಬರ, ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1924ರಲ್ಲಿ ಕನ್ಸರ್ವೇಟರಿಯನ್ನು ತೆಖ್ನಿಕುಮ್ ದರ್ಜೆಗೆ ಇಳಿಸಿದರು. ನಮ್ಮ ಲೆಕ್ಕದಲ್ಲಿ ಪದವಿ ಕಾಲೇಜನ್ನು ಡಿಪ್ಲೊಮಾ ಶಾಲೆ ಮಾಡಿದ ಹಾಗೆ. ತರಗತಿಯಿಂದ ಕನ್ಸರ್ವೇಟರಿಗೆ ಏರಲು ಮೂವತ್ತೊಂಬತ್ತು ವರ್ಷ ಬೇಕಾಯಿತು, ಇಳಿಯಲು ಒಂದು ಆದೇಶ ಸಾಕಾಯಿತು. ಹಳೆಯ ದರ್ಜೆ ಮರಳಿದ್ದು 1935ರಲ್ಲಿ, ಜೊತೆಗೆ ಲೆಯೊನಿದ್ ಸೊಬಿನೊವ್ ಎಂಬ ಗಾಯಕನ ಹೆಸರನ್ನೂ ಇಟ್ಟರು.

ಇದರಲ್ಲೊಂದು ತಮಾಷೆ ಇದೆ. ಸೊಬಿನೊವ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ಮಹಾ ಗಾಯಕ, ಸರಿ. ಆದರೆ ಆತ ಯಾರೊಸ್ಲಾವ್ಲ್‌ನವನು, ಕಾನೂನು ಪದವೀಧರ. ಹಾಡುಗಾರಿಕೆ ಕಲಿತದ್ದು ಮಾಸ್ಕೋದ ಫಿಲ್‌ಹಾರ್ಮೋನಿಕ್ ಸಂಘದ ಶಾಲೆಯಲ್ಲಿ, ಯಾವ ಕನ್ಸರ್ವೇಟರಿಯಲ್ಲೂ ಅಲ್ಲ. ಅವನಿಗೆ ಕೀರ್ತಿ ತಂದ ಪಾತ್ರ ಯಾವುದು ಗೊತ್ತೇ? ಲೆನ್‌ಸ್ಕಿ. ಆ ಪಾತ್ರವನ್ನು ಮೊಟ್ಟಮೊದಲು ಹಾಡಿದ ಮೆದ್ವೆದೆವ್ ಇದೇ ಊರಿನಲ್ಲಿ ಕಲಿಸಿ 1925ರಲ್ಲಿ ಇಲ್ಲೇ ಸತ್ತ. ಫಲಕದ ಮೇಲೆ ಹೆಸರು ಮಾತ್ರ ಇನ್ನೊಬ್ಬ ಲೆನ್‌ಸ್ಕಿಯದು.

ಮಂಡಿಪೇಟೆ

ನಲವತ್ತು ವರ್ಷ ದುಡಿದ ಎಕ್ಸ್‌ನರನ ಹೆಸರನ್ನೂ ಇಡಲಿಲ್ಲ. ಎಲ್ಲ ಊರಿನಲ್ಲೂ ಇದೇ ಹಾಡು.

ಲೆಕ್ಕಪತ್ರ

ನಲವತ್ತಲ್ಲ. 1883ರಿಂದ 1914ರವರೆಗೆ ಮುಖ್ಯಸ್ಥ. ಮೂವತ್ತೊಂದು.

ಹಿನ್ನೀರು ಡಾಕ್ಟರ್

ಯುದ್ಧಕಾಲದ್ದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಅದನ್ನು ಮೊದಲು ಕೇಳಿದ್ದು ನಮ್ಮ ಹಾಸ್ಟೆಲಿನ ಕಾವಲು ಅಜ್ಜಿಯ ಬಾಯಿಂದ. 1941ರ ಶರತ್ಕಾಲದಲ್ಲಿ ಜರ್ಮನ್ ಸೈನ್ಯ ಮಾಸ್ಕೋ ಸಮೀಪಿಸಿದಾಗ ಮಾಸ್ಕೋ ಕನ್ಸರ್ವೇಟರಿಯ ಹಲವರನ್ನು ಸರಾತೋವ್‌ಗೆ ಸಾಗಿಸಿದರು. ಎರಡೂ ಸಂಸ್ಥೆಗಳು ಒಂದೇ ಸೂರಿನಡಿ ನಡೆದವು. ಮಾಸ್ಕೋ ಕಲಾ ರಂಗಮಂದಿರವೂ ಬಂದಿಳಿಯಿತು. ಅಜ್ಜಿ ಆಗ ಶಾಲೆಯ ಹುಡುಗಿ. ಬ್ರೆಡ್ಡಿಗೆ ಕ್ಯೂ ನಿಂತಾಗ ಹಿಂದೆ ನಿಂತವರು ರಾಗ ಗುನುಗುತ್ತಿದ್ದರು, ಕೈ ಹೆಪ್ಪುಗಟ್ಟದಿರಲೆಂದು ಬೆರಳುಗಳನ್ನು ಕೋಟಿನ ಮೇಲೆ ಪಿಯಾನೋ ನುಡಿಸಿದ ಹಾಗೆ ಆಡಿಸುತ್ತಿದ್ದರು ಎನ್ನುತ್ತಿದ್ದಳು.

ಆದರೆ ಅಜ್ಜಿ ಧ್ವನಿ ತಗ್ಗಿಸಿ ಹೇಳುತ್ತಿದ್ದ ಇನ್ನೊಂದು ಮಾತಿತ್ತು. ಅವರು ಬರುವ ಕೆಲವೇ ವಾರಗಳ ಮೊದಲು ಬೇರೊಂದು ಜನ ಊರು ಬಿಟ್ಟಿದ್ದರು. 1941ರ ಆಗಸ್ಟ್ 28ರ ಆದೇಶದಂತೆ ವೋಲ್ಗಾ ಜರ್ಮನ್ನರನ್ನೆಲ್ಲ ಸೈಬೀರಿಯಾ, ಕಜಾಕಿಸ್ತಾನಗಳಿಗೆ ಗಡೀಪಾರು ಮಾಡಿದರು. ಮೇಷ್ಟ್ರು ಹೇಳಿದ ಆ ಪಿಯಾನೋ ಮನೆಗಳ ವಂಶದವರು. ನದಿಯ ಆಚೆ ದಡದ ಎಂಗೆಲ್ಸ್ ಅವರ ಸ್ವಾಯತ್ತ ಗಣರಾಜ್ಯದ ರಾಜಧಾನಿಯಾಗಿತ್ತು. ಅಲ್ಲಿ 1934ರಲ್ಲಿ ಹುಟ್ಟಿದ ಆಲ್ಫ್ರೆಡ್ ಶ್ನಿಟ್ಕೆಯ ತಾಯಿ ವೋಲ್ಗಾ ಜರ್ಮನ್, ತಂದೆ ಯಹೂದಿ. ಆ ಕುಟುಂಬ ಉಳಿಯಿತು. ಮುಂದೆ ಜಗತ್ತಿಗೆ ಗೊತ್ತಾದ ಆ ಸಂಗೀತಕಾರ ಸಂಗೀತ ಕಲಿಯಲು ಆರಂಭಿಸಿದ್ದು ಸರಾತೋವ್‌ನಲ್ಲಲ್ಲ, ಯುದ್ಧ ಮುಗಿದ ಮೇಲೆ ವಿಯೆನ್ನಾದಲ್ಲಿ. ಎದುರು ದಡದಲ್ಲೇ ಕನ್ಸರ್ವೇಟರಿ ಇತ್ತು. ಎರಡೂ ಊರುಗಳ ನಡುವೆ ರಸ್ತೆ ಸೇತುವೆ ಬಂದದ್ದು 1965ರಲ್ಲಿ.

ಹಳೆ ತಂಬೂರಿ

ಡಾಕ್ಟರೇ, ನಿಮ್ಮ ಮೊದಲ ಪ್ರಶ್ನೆಗೆ ನಾನು ಗಿರಣಿಯ ಮನೆತನಗಳಿಂದ ಉತ್ತರ ಆರಂಭಿಸಿದ್ದೆ. ಅವರ ಕೊನೆ ಹೀಗಾಯಿತು ಎಂಬುದನ್ನು ನಾನೇ ಬರೆಯಬೇಕಿತ್ತು. ಬಿಟ್ಟುಬಿಟ್ಟೆ.

ವೀಣೆ ಟೀಚರ್

ಕಜಾನ್ ಕನ್ನಡತಿಯವರೇ, ಒಂದು ಉಪಕಾರ ಬೇಕು. ನಿಮ್ಮ ಮಗಳ ಆ ಉಕ್ತಲೇಖನದ ಪುಸ್ತಕದ ಮೊದಲ ವರ್ಷದ ಒಂದೆರಡು ಪುಟದ ಫೋಟೋ ಕಳಿಸಲಾದೀತೇ? ಭಾಷೆ ಬರದಿದ್ದರೂ ಪರವಾಗಿಲ್ಲ, ಸ್ವರಗಳ ಕ್ರಮ ನೋಡಬೇಕು. ನನ್ನ ಬಳಿ ಏಳು ಜನ ಚಿಕ್ಕ ಮಕ್ಕಳಿದ್ದಾರೆ, ಮೋಹನದಲ್ಲಿ ಪ್ರಯತ್ನಿಸಿ ನೋಡುತ್ತೇನೆ.

ಕಜಾನ್ ಕನ್ನಡತಿ

ಖಂಡಿತ ಮೇಡಂ, ಗುರುವಾರ ಅವಳು ತರಗತಿಯಿಂದ ಬಂದ ಮೇಲೆ ಕಳಿಸುತ್ತೇನೆ. ಮೊದಲ ಪುಟಗಳ ತುಂಬ ಕೆಂಪು ಗೀಟುಗಳಿವೆ, ಅವುಗಳನ್ನು ತೋರಿಸಬಾರದೆಂದು ಈಗಲೇ ಹಟ ಹಿಡಿದಿದ್ದಾಳೆ. ಐದು ಸ್ವರದ ರಾಗವಾದರೆ ತಾನೂ ಬರೆಯುತ್ತಾಳಂತೆ, ನೀವು ನುಡಿಸಿ ಕಳಿಸಬೇಕಂತೆ.